ದಾಲ್ಚಿನ್ನಿ ಜೆಲ್ಲಿಯೂ ಅಗ್ಗದ ಗುಂಡೂ

ಕೋಲ್ಟರ್ ಬೆಂಡ್ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ವೆಂಡಲ್ ಪಿಂಕ್‌ಸ್ಟನ್ ಸುಳ್ಳುಗಾರನೇನೂ ಅಲ್ಲ. ಆದರೆ ಯಾರಾದರೂ ಅವನನ್ನು ನೋಡಿ ನಕ್ಕರೆ ಮಾತ್ರ ಅವನ ಬಾಯಿ ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ. ಅದೇ ಮೊದಲು ಹೊರಟುಬಿಡುತ್ತಿತ್ತು. ಪಾಪ ವೆಂಡಲ್ ಆಮೇಲೆ ಅದರ ಹಿಂದೆ ಓಡಿ ಅದು ಎಲ್ಲಿಗೆ ಹೋಯಿತೋ ಅಲ್ಲಿಗೆ ತಲುಪಿಕೊಳ್ಳಬೇಕಾಗಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರ್ಲೋ ಎಂಬವನ ಹಾರ್ಡ್‌ವೇರ್ ಅಂಗಡಿಯಲ್ಲಿ ಆದದ್ದೂ ಅದೇ. ಮೊಳೆ, ಹಗ್ಗ, ಕೋಳಿಯ ಮೇವು, ಗುಂಡು ಎಲ್ಲವೂ ಸಿಗುವ ಅಂಗಡಿ ಅದು. ಅಲ್ಲಿ ಪಿಸ್ತೂಲಿನ ಪೊಳ್ಳು ಮೂತಿಯ ಗುಂಡುಗಳು ಅಗ್ಗಕ್ಕೆ ಬಂದಿದ್ದವು. ಐವತ್ತು ಗುಂಡಿನ ಡಬ್ಬಿಗೆ ಹದಿನಾರು ಡಾಲರು. ಹೆಸರಾಂತ ಕಂಪನಿಗಳದ್ದಾದರೆ ಅಷ್ಟಕ್ಕೆ ಹತ್ತೂ ಬರುತ್ತಿರಲಿಲ್ಲ. ವೆಂಡಲ್ ನಾಲ್ಕು ಡಬ್ಬಿ ಎತ್ತಿ ಕಟ್ಟೆಯ ಮೇಲಿಟ್ಟ. ಆ ಕಟ್ಟೆಗೆ ಒರಗಿಕೊಂಡು ಕಾಫಿ ಕುಡಿಯುತ್ತಿದ್ದವನು ರಾಯ್ಸ್ ಟ್ಯಾಕೆಟ್, ವೆಂಡಲನ ಹೆಂಡತಿಯ ಅಣ್ಣ. ಇಪ್ಪತ್ತಾರು ವರ್ಷ ಶೆರಿಫನ ಕೈಕೆಳಗೆ ಪೊಲೀಸ್ ಕೆಲಸ ಮಾಡಿ, ಹೊಸಬರಿಗೆ ಗುರಿ ಹೊಡೆಯುವುದನ್ನು ಕಲಿಸಿ ನಿವೃತ್ತನಾದವನು. ಗುಂಡಿನ ವಿಷಯದಲ್ಲಿ ಊರಿನಲ್ಲಿ ಅವನ ಮಾತೇ ಕೊನೆಯ ಮಾತು. ಉಳಿದ ವಿಷಯಗಳಲ್ಲೂ ಹಾಗೇ ಆಗಬೇಕೆಂದು ಅವನ ಆಸೆ.

"ಪೊಳ್ಳು ಮೂತಿದು, ಈ ಬೆಲೆಗೆ," ಎಂದು ರಾಯ್ಸ್ ಒಂದು ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಆರ್ಲೋ, ಇದ್ರ ಜತೆಗೆ ಒಂದು ಸುತ್ತಿಗೆನೂ ಕೊಟ್ಬಿಡು. ಇವನು ಇದನ್ನ ಗೋಡೆಗೆ ಹೊಡ್ಕೊಂಡು ಕ್ಯಾಲೆಂಡರ್ ನೇತು ಹಾಕ್ಲಿ."

ಪೊಳ್ಳು ಮೂತಿಯ ಗುಂಡಿಗೆ ತುದಿಯಲ್ಲಿ ಒಂದು ಕುಳಿ ಇರುತ್ತದೆ. ಅದು ಹೊಕ್ಕ ಮೇಲೆ ಹೂವಿನ ಹಾಗೆ ಅರಳಿ ಅಲ್ಲೇ ನಿಲ್ಲಬೇಕು. ಆಚೆ ಹಾದು ಹೋಗಿ ಪಕ್ಕದ ಮನೆಯವರ ಗೋಡೆ ಸೇರಬಾರದು. ಅದು ಅದರ ಧರ್ಮ. ಅಗ್ಗದ ಗುಂಡು ಈ ಧರ್ಮವನ್ನು ಪಾಲಿಸುವುದಿಲ್ಲ ಎಂಬುದು ರಾಯ್ಸನ ಸಿದ್ಧಾಂತ.

"ಗುಂಡು ತಿನ್ನೋನು ಜೀನ್ಸ್ ಹಾಕ್ಕೊಂಡಿದ್ದ ಅಂತಿಟ್ಕೋ," ಎಂದ ರಾಯ್ಸ್, ತರಗತಿಯ ದನಿಯಲ್ಲಿ. "ಬಟ್ಟೆ ಹೋಗಿ ಆ ಕುಳಿಯೊಳಗೆ ತುಂಬ್ಕೊಳ್ತದೆ. ಅರಳೋದಿಲ್ಲ, ಏನಿಲ್ಲ. ಮುಚ್ಚಿದ ಮೊಗ್ಗು ಹಂಗೇ ಆ ಕಡೆಯಿಂದ ಆಚೆ."

ಅಂಗಡಿಯಲ್ಲಿದ್ದ ಐದಾರು ಜನ ನಕ್ಕರು. ಅಷ್ಟೇ ಸಾಕಾಯಿತು.

"ಅರಳ್ತದೆ," ಎಂದಿತು ವೆಂಡಲನ ಬಾಯಿ. "ನಾನೇ ಪರೀಕ್ಷೆ ಮಾಡಿದೀನಿ."

"ಯಾವುದ್ರಲ್ಲಿ?"

"ಜೆಲಾಟಿನ್ನಲ್ಲಿ."

ಎಲ್ಲರೂ ಅವನ ಕಡೆ ತಿರುಗಿದರು. ವೆಂಡಲನಿಗೂ ಆಶ್ಚರ್ಯವಾಯಿತು. ಜೆಲಾಟಿನ್ನಿನ ದಿಮ್ಮಿ ಮಾಡಿ ಅದಕ್ಕೆ ಗುಂಡು ಹೊಡೆದು ನೋಡುತ್ತಾರೆ ಎಂದು ಅವನು ಎಲ್ಲೋ ಓದಿದ್ದನೇ ಹೊರತು ಕಂಡವನಲ್ಲ.

ರಾಯ್ಸ್ ಕಾಫಿ ಲೋಟ ಕೆಳಗಿಟ್ಟ. "ಹಂಗಾದ್ರೆ ಒಳ್ಳೇದಾಯ್ತು. ಮುಂದಿನ ಶನಿವಾರ ಹತ್ತು ಗಂಟೆಗೆ ಬಂದೂಕು ಕ್ಲಬ್ಬಿನ ಮೈದಾನಕ್ಕೆ ಬಾ, ಎಲ್ರಿಗೂ ತೋರಿಸು. ನಾವೂ ಕಲೀತೀವಿ."

ಮಧ್ಯಾಹ್ನದ ಹೊತ್ತಿಗೆ ಆರ್ಲೋ ಅಂಗಡಿಯ ಬಾಗಿಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗಿತ್ತು: "ಶನಿವಾರ ಹತ್ತು ಗಂಟೆ. ಅಗ್ಗದ ಗುಂಡಿನ ಪರೀಕ್ಷೆ. ನಡೆಸಿಕೊಡುವವರು ವೆಂಡಲ್ ಪಿಂಕ್‌ಸ್ಟನ್." ತನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ವೆಂಡಲ್ ಹಿಂದೆಂದೂ ಕಂಡಿರಲಿಲ್ಲ. ಹೆದರಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಡಬಾರದು.

ಊರಿನ ಗ್ರಂಥಾಲಯದಲ್ಲಿ ಅವನು ಹನ್ನೊಂದು ಪುಟದ ವಿಧಾನವನ್ನು ಅಚ್ಚು ಹಾಕಿಸಿಕೊಂಡ. ಒಂಬತ್ತು ಪಾಲು ನೀರಿಗೆ ಒಂದು ಪಾಲು ಜೆಲಾಟಿನ್. ಕುದಿಸಬಾರದು. ನೊರೆ ಇಳಿಯಲು ನಾಲ್ಕು ತೊಟ್ಟು ದಾಲ್ಚಿನ್ನಿ ಎಣ್ಣೆ. ಹದಿನಾರು ಅಂಗುಲ ಉದ್ದದ ದಿಮ್ಮಿ. ಎರಡು ದಿನ ತಣ್ಣನೆಯ ಜಾಗದಲ್ಲಿ ಇಡಬೇಕು. ಅದರ ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ. ಗುಂಡು ಹನ್ನೆರಡು ಅಂಗುಲ ದಾಟಿ ದಿಮ್ಮಿಯೊಳಗೇ ನಿಂತರೆ ಪಾಸು. ಇದನ್ನೆಲ್ಲ ಓದಿ ಅವನು ದಿನಸಿ ಅಂಗಡಿಗೆ ಹೋಗಿ, ಕಪಾಟಿನಲ್ಲಿದ್ದದ್ದು, ಹಿಂದಿನ ಕೋಣೆಯಲ್ಲಿದ್ದದ್ದು ಎಲ್ಲ ಸೇರಿಸಿ ಸಿಹಿಯಿಲ್ಲದ ಜೆಲಾಟಿನ್ನಿನ ಅರವತ್ತೆಂಟು ಡಬ್ಬಿ ಕೊಂಡ. ಜೊತೆಗೆ ಮಿಠಾಯಿಗೆ ಹಾಕುವ ದಾಲ್ಚಿನ್ನಿ ಎಣ್ಣೆಯ ಒಂದು ಪುಟ್ಟ ಸೀಸೆ.

ಅವನ ಹಿಂದೆ ಸಾಲಿನಲ್ಲಿ ನಿಂತಿದ್ದವರು ಮಿಸ್ ಇಮೋಜೀನ್ ಫುಲ್ಟ್ಸ್. ಚರ್ಚಿನ ಅಡುಗೆಮನೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ಅವರ ಸೊಂಟದಲ್ಲಿತ್ತು. ಅದೇ ಶನಿವಾರ ಸಂಜೆ ಚರ್ಚಿನ ವಾರ್ಷಿಕ ಊಟ. ಊರು ಬಿಟ್ಟು ಹೋದವರೆಲ್ಲ ಬಂದು ಸೇರುವ ದಿನ. ಅಂಥ ವಾರದಲ್ಲಿ ಗಂಡಸೊಬ್ಬ ಅರವತ್ತೆಂಟು ಡಬ್ಬಿ ಜೆಲಾಟಿನ್ನನ್ನೂ ದಾಲ್ಚಿನ್ನಿ ಎಣ್ಣೆಯನ್ನೂ ಕೊಂಡರೆ, ತಿಳಿದವರು ಅದಕ್ಕೆ ಒಂದೇ ಅರ್ಥ ಕೊಡಲು ಸಾಧ್ಯ.

"ಶನಿವಾರಕ್ಕಾ, ವೆಂಡಲ್?" ಎಂದು ಅವರು ಮೆಲ್ಲಗೆ ಕೇಳಿದರು.

"ಹೌದು, ಮಿಸ್ ಇಮೋಜೀನ್. ನಿಮಗೂ ಗೊತ್ತಾಗಿದ್ಯಾ?"

"ನನಗೆ ಗೊತ್ತಾಗದೆ ಇರ್ತದಾ?" ಎಂದ ಅವರ ಕಣ್ಣು ತೇವವಾಯಿತು. ಗುಂಡಿನ ಪರೀಕ್ಷೆಗೆ ಇಷ್ಟೊಂದು ಭಾವುಕರಾಗುವ ಹೆಂಗಸನ್ನು ಕಂಡು ವೆಂಡಲನಿಗೆ ಗೌರವ ಹುಟ್ಟಿತು.

ವಿಷಯ ಇಷ್ಟು. ವೆಂಡಲನ ಹೆಂಡತಿ ವರ್ನಾಳ ತಾಯಿ ಪ್ರತಿ ವರ್ಷ ಆ ಊಟಕ್ಕೆ ದಾಲ್ಚಿನ್ನಿ ಜೆಲ್ಲಿ ಮಾಡಿಕೊಂಡು ಬರುತ್ತಿದ್ದಳು. ಕೆಂಪಗೆ ಖಾರವಾದ ದಾಲ್ಚಿನ್ನಿ ಪೆಪ್ಪರಮೆಂಟುಗಳನ್ನು ಕರಗಿಸಿ, ಸೇಬಿನ ಚೂರು, ಅಕ್ರೋಟು ಬೆರೆಸಿದ ಜೆಲ್ಲಿ. ನಲವತ್ತು ವರ್ಷ ತಪ್ಪದೆ ಮಾಡಿದ ಆಕೆ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಈ ವರ್ಷ ಮೇಜಿನ ಮೇಲೆ ಆ ಜೆಲ್ಲಿ ಇರುವುದಿಲ್ಲ ಎಂಬ ಕೊರಗು ವರ್ನಾಳಿಗಿತ್ತು. ತಾನೇ ಮಾಡಲು ಕೂತರೆ ಅಳು ಬರುತ್ತಿತ್ತು, ಹಾಗಾಗಿ ಕೈಬಿಟ್ಟಿದ್ದಳು. ಇದನ್ನೆಲ್ಲ ಬಲ್ಲ ಇಮೋಜೀನ್ ಅಂಗಡಿಯಿಂದ ಹೊರಬಿದ್ದವರೇ ಫೋನು ಹಿಡಿದರು.

ವೆಂಡಲ್ ಮನೆಗೆ ಬರುವಷ್ಟರಲ್ಲಿ ವರ್ನಾ ಬಾಗಿಲಲ್ಲೇ ನಿಂತಿದ್ದಳು. ಬಂದೂಕಿಗೆ ದುಡ್ಡು ಹಾಕಿದಾಗಲೆಲ್ಲ ಅವಳ ಮುಖ ಹೇಗಾಗುತ್ತದೆಂದು ಅವನಿಗೆ ಗೊತ್ತು. ಡಬ್ಬಿಗಳ ಚೀಲವನ್ನು ಬೆನ್ನಿನ ಹಿಂದೆ ಬಚ್ಚಿಡಲು ನೋಡಿದ. ಅರವತ್ತೆಂಟು ಡಬ್ಬಿ ಬೆನ್ನಿನ ಹಿಂದೆ ನಿಲ್ಲುವಂಥದ್ದಲ್ಲ.

"ಮಿಸ್ ಇಮೋಜೀನ್ ಎಲ್ಲಾ ಹೇಳಿದ್ರು," ಎಂದಳು ವರ್ನಾ. ಆಮೇಲೆ ಅವನ ಕುತ್ತಿಗೆಗೆ ತೋಳು ಹಾಕಿ ಅಪ್ಪಿಕೊಂಡಳು.

ಇಂಥ ಸಂದರ್ಭದಲ್ಲಿ ಬುದ್ಧಿವಂತನಾದವನು ಒಂದೆರಡು ಪ್ರಶ್ನೆ ಕೇಳುತ್ತಿದ್ದ. ವೆಂಡಲ್ ಸುಮ್ಮನೆ ಅಪ್ಪಿಸಿಕೊಂಡ.

"ನಿನಗೆ ಕೋಪ ಇಲ್ವಾ?"

"ಕೋಪನಾ? ಮೂವತ್ತೊಂದು ವರ್ಷದಲ್ಲಿ ನೀನು ಒಂದು ಮೊಟ್ಟೆ ಬೇಯಿಸಿದೋನಲ್ಲ. ನಿನಗೆ ಇಂಥದ್ದು ಹೊಳೀತದೆ ಅಂತ ಯಾರು ಅಂದ್ಕೊಂಡಿದ್ರು."

"ರಾಯ್ಸ್‌ಗೆ ತೋರಿಸ್ಬೇಕು ಅಂತ ಮಾಡ್ತಿದೀನಿ ಕಣೆ."

"ಅವನು ಅತ್ತೇ ಬಿಡ್ತಾನೆ," ಎಂದಳು ವರ್ನಾ.

"ಅಳಲಿ," ಎಂದ ವೆಂಡಲ್, ತೃಪ್ತಿಯಿಂದ.

"ಎಷ್ಟು ಜನಕ್ಕೆ ಆಗ್ತದೆ?"

"ನಲವತ್ತು ಜನ ಬರಬಹುದು ಅಂತಾರೆ. ಎರಡು ದಿಮ್ಮಿ ಮಾಡ್ತೀನಿ. ಒಂದು ಕೆಟ್ರೆ ಇನ್ನೊಂದು ಇರಲಿ ಅಂತ."

"ಒಳಗೆ ಏನಾದ್ರೂ ಹಾಕ್ತೀಯಾ?"

"ಮೊದಲು ಏನೂ ಹಾಕಲ್ಲ. ಗಾಜಿನ ಹಂಗೆ ಇರ್ಬೇಕು. ಒಂದು ಗುಳ್ಳೆನೂ ಇರಬಾರದು, ಇದ್ರೆ ಒಳಗಿರೋದು ಕಾಣಲ್ಲ. ಒಳಗೆ ಹಾಕೋದೆಲ್ಲ ಅಲ್ಲೇ, ಎಲ್ರ ಎದುರಿಗೆ."

ಎಲ್ಲರ ಎದುರಿಗೆ ಸೇಬು ಹಾಕುವ ಜೆಲ್ಲಿಯ ಬಗ್ಗೆ ವರ್ನಾ ಕೇಳಿರಲಿಲ್ಲ. ಆದರೆ ಗಂಡನ ಉತ್ಸಾಹಕ್ಕೆ ತಣ್ಣೀರು ಎರಚಲು ಅವಳಿಗೆ ಮನಸ್ಸಾಗಲಿಲ್ಲ. "ನಾನು ಅಡುಗೆಮನೆಗೆ ಕಾಲಿಡಲ್ಲ. ಏನೂ ಕೇಳಲ್ಲ. ನಿನ್ನ ಇಷ್ಟದ ಹಂಗೆ ಮಾಡು," ಎಂದು ಹೇಳಿ, ಚರ್ಚಿನಿಂದ ಎರಡು ಉದ್ದನೆಯ ತಗಡಿನ ಅಚ್ಚುಗಳನ್ನು ತರಿಸಿಕೊಟ್ಟಳು. ಅಷ್ಟು ದೊಡ್ಡದು ಮನೆಯ ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲವೆಂದು ಚರ್ಚಿನ ಫ್ರಿಜ್ಜಿನಲ್ಲಿ ಜಾಗವನ್ನೂ ಮಾಡಿಸಿದಳು.

"ಹಳೇ ಜೀನ್ಸ್ ಪ್ಯಾಂಟು ಇದ್ರೆ ಬೇಕಿತ್ತು," ಎಂದ ವೆಂಡಲ್. "ನಾಲ್ಕು ಪದರ ಆಗ್ಬೇಕು."

"ಸಾಗಿಸೋವಾಗ ಬಿಸಿಲು ತಾಗದೆ ಇರಲಿ ಅಂತಾನಾ?"

"ಮುಂದಿನ ಭಾಗಕ್ಕೆ ಕಟ್ಟೋಕೆ."

"ಎಷ್ಟು ಯೋಚನೆ ಮಾಡಿದೀಯ," ಎಂದು ಅವಳು ಅವನ ಎರಡು ಪ್ಯಾಂಟುಗಳನ್ನು ಒಗೆದು ಇಸ್ತ್ರಿ ಮಾಡಿಕೊಟ್ಟಳು. ಗುಂಡು ಹೊಡೆಸಿಕೊಳ್ಳಲು ಇಸ್ತ್ರಿಯಾಗಿ ಹೋದ ಪ್ಯಾಂಟುಗಳು ಆ ಜಿಲ್ಲೆಯಲ್ಲಿ ಬಹುಶಃ ಅವೇ ಮೊದಲು.

ಮೂರು ಸಂಜೆ ವೆಂಡಲ್ ಒಲೆಯ ಮುಂದೆ ನಿಂತ. ಮೊದಲ ದಿನ ತುಂಬಾ ಕಾಯಿಸಿದ, ಜೆಲಾಟಿನ್ ಹಳದಿಯಾಯಿತು. ಎರಡನೆಯ ದಿನ ಜೋರಾಗಿ ಕಲಕಿದ, ಒಳಗೆಲ್ಲ ಗುಳ್ಳೆ. ಗಟ್ಟಿಯಾದದ್ದನ್ನು ಮತ್ತೆ ಕರಗಿಸಬಹುದೆಂದು ಹನ್ನೊಂದು ಪುಟಗಳಲ್ಲಿ ಎಲ್ಲೋ ಬರೆದಿತ್ತು, ಕರಗಿಸಿದ. ಮೂರನೆಯ ದಿನ ಗಡಿಯಾರ ನೋಡಿಕೊಂಡು, ಉಸಿರು ಬಿಗಿಹಿಡಿದು, ಮರದ ಸೌಟನ್ನು ಮಗುವಿನ ತೊಟ್ಟಿಲು ತೂಗಿದ ಹಾಗೆ ಆಡಿಸಿದ. ನಾಲ್ಕು ತೊಟ್ಟು ದಾಲ್ಚಿನ್ನಿ ಎಣ್ಣೆ ಬಿಟ್ಟ. ನೊರೆ ಇಳಿಯಿತು. ಮನೆಯೆಲ್ಲ ಘಮಘಮ ಎಂದಿತು. ಪಕ್ಕದ ಕೋಣೆಯಲ್ಲಿ ವರ್ನಾ ಮೂಗು ಸೀನುವ ಸದ್ದು ಕೇಳಿಸಿತು. ನೆಗಡಿ ಇರಬೇಕೆಂದು ವೆಂಡಲ್ ತಿಳಿದ.

ಶುಕ್ರವಾರ ಮಧ್ಯಾಹ್ನ ಪರೀಕ್ಷೆಗೆ ಮುಂಚಿನ ಪರೀಕ್ಷೆ. ದಿಮ್ಮಿ ಸರಿಯಾಗಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಗಾಳಿ ಬಂದೂಕಿನಿಂದ ಒಂದು ಛರ್ರೆ, ಅಂದರೆ ಉಕ್ಕಿನ ಪುಟ್ಟ ಗುಂಡು, ಹೊಡೆಯಬೇಕು. ಅದು ಮೂರು ಮೂರೂವರೆ ಅಂಗುಲ ಒಳಗೆ ಹೋಗಿ ನಿಂತರೆ ದಿಮ್ಮಿ ಯೋಗ್ಯ. ವೆಂಡಲ್ ಒಂದು ದಿಮ್ಮಿಯನ್ನು ಚರ್ಚಿನ ಹಿತ್ತಲಿಗೆ ಒಯ್ದು ಹೊಡೆದ. ಛರ್ರೆ ಮೂರೂಕಾಲು ಅಂಗುಲಕ್ಕೆ ಹೋಗಿ ಕಾಳಿನ ಹಾಗೆ ಕೂತಿತು. ಅವನು ಸಂತೋಷದಿಂದ ದಿಮ್ಮಿಯನ್ನು ಮತ್ತೆ ಒಳಗಿಡಲು ಬಂದಾಗ ಫ್ರಿಜ್ಜಿನ ಮುಂದೆ ಇಮೋಜೀನರ ಜೊತೆ ಕಡತ ಹಿಡಿದ ಒಬ್ಬ ಹೆಂಗಸು ನಿಂತಿದ್ದಳು. ಜಿಲ್ಲೆಯ ಆರೋಗ್ಯ ಇಲಾಖೆಯಿಂದ ಸಾರ್ವಜನಿಕ ಊಟಕ್ಕೆ ಒಪ್ಪಿಗೆ ಕೊಡಲು ಬಂದ ಮಿಸ್ ಬಿಕ್ಸ್‌ಬಿ.

"ಇದನ್ನ ಮಾಡಿದೋರು ನೀವಾ?" ಎಂದಳು ಮಿಸ್ ಬಿಕ್ಸ್‌ಬಿ.

"ನಾನೇ, ಮೇಡಂ."

"ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ರಿ?"

"ಮೂವತ್ತೊಂಬತ್ತು ಫ್ಯಾರನ್‌ಹೀಟ್. ದಿನಕ್ಕೆ ನಾಲ್ಕು ಸಲ ನೋಡಿ ಬರೆದಿಟ್ಟಿದೀನಿ." ವೆಂಡಲ್ ಕಾಗದ ತೆಗೆದು ಕೊಟ್ಟ. ಮೀಟರು ಓದುವವನ ಅಕ್ಷರ ಅದು, ಅಂಕಿಗಳು ಸಾಲಾಗಿ ನಿಂತಿದ್ದವು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮಿಸ್ ಬಿಕ್ಸ್‌ಬಿಗೆ ಅಂಥ ಕಾಗದವನ್ನು ಯಾವ ಅಡುಗೆಯವರೂ ಕೊಟ್ಟಿರಲಿಲ್ಲ. ಅವಳ ಮುಖ ಅರಳಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಒಳಗೆ ಏನೋ ಲೋಹದ್ದಿದೆ."

"ಛರ್ರೆ, ಮೇಡಂ. ಸರಿಯಾಗಿ ಹೆಪ್ಪುಗಟ್ಟಿದ್ಯಾ ಅಂತ ನೋಡೋಕೆ ಹೊಡೆದಿದ್ದು."

"ಗಟ್ಟಿಯಾಗಿದ್ಯಾ ಅಂತ ನೋಡೋಕೆ," ಎಂದು ಅವಳು ನಿಧಾನವಾಗಿ ಹೇಳಿದಳು, "ಜನ ಬೆರಳಲ್ಲಿ ಒತ್ತಿ ನೋಡ್ತಾರೆ."

"ಬೆರಳಲ್ಲಿ ನಿಖರವಾಗಿ ಗೊತ್ತಾಗಲ್ಲ, ಮೇಡಂ."

ಅವಳು ಕಡತದಲ್ಲಿ ಏನೋ ಗುರುತು ಹಾಕಿಕೊಂಡಳು. "ಛರ್ರೆ ಇರೋದನ್ನ ಯಾರಿಗೂ ಬಡಿಸೋ ಹಾಗಿಲ್ಲ," ಎಂದಳು.

"ಖಂಡಿತ ಇಲ್ಲ. ಅದನ್ನ ಬೆಳಿಗ್ಗೆನೇ ತಗೊಂಡು ಹೋಗಿಬಿಡ್ತೀನಿ."

"ಎಷ್ಟು ಕಟ್ಟುನಿಟ್ಟು ನೋಡಿ," ಎಂದರು ಇಮೋಜೀನ್. ಮಿಸ್ ಬಿಕ್ಸ್‌ಬಿ ಒಪ್ಪಿಗೆಯ ಸಹಿ ಹಾಕಿದಳು.

ಶನಿವಾರ ಬೆಳಿಗ್ಗೆ ವೆಂಡಲ್ ಛರ್ರೆಯ ದಿಮ್ಮಿಯನ್ನು ತನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಜೀನ್ಸ್ ಹೊದಿಸಿ, ಬೆಲ್ಟು ಬಿಗಿದು ಹೊರಟ. ದಾರಿಯಲ್ಲಿ ಅದನ್ನು ಕಂಡವರು ಒಬ್ಬರು ಇಮೋಜೀನರಿಗೆ ಹೇಳಿದರು. ಇಮೋಜೀನ್ ವರ್ನಾಳಿಗೆ ಹೇಳಿದರು.

"ಬಡಿಸೋ ಹಾಗಿಲ್ಲ ಅಂದಿದ್ದನ್ನ ಕ್ಲಬ್ಬಿನ ಗಂಡಸ್ರಿಗೆ ತಿನ್ನಿಸೋಕೆ ಹೋಗಿದಾನೆ," ಎಂದರು ಇಮೋಜೀನ್.

"ಛರ್ರೆ ಇರೋ ತುದಿನ ಕತ್ತರಿಸಿ ಹಾಕಿರ್ತಾನೆ ಬಿಡಿ," ಎಂದಳು ವರ್ನಾ. ಆದರೆ ಇನ್ನೊಂದು ಚಿಂತೆ ಅವಳನ್ನು ಹಿಡಿಯಿತು. "ಬಟ್ಟಲು ತಗೊಂಡು ಹೋಗಿಲ್ಲ ಅವನು. ಆ ಗಂಡಸ್ರು ಕೈಯಲ್ಲೇ ತಿಂತಾರೆ."

ಕ್ಲಬ್ಬಿನ ಮೈದಾನದಲ್ಲಿ ನಲವತ್ತಲ್ಲ, ಅರವತ್ತು ಜನ ಸೇರಿದ್ದರು. ಮಡಚುವ ಕುರ್ಚಿ ತಂದವರಿದ್ದರು. ವೆಂಡಲ್ ಮೇಜಿನ ಮೇಲೆ ದಿಮ್ಮಿ ಇಟ್ಟು, ಮುಂದೆ ನಾಲ್ಕು ಪದರ ಜೀನ್ಸ್ ಕಟ್ಟಿದ. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಎಲ್ಲರೂ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡರು. ರಾಯ್ಸ್ ಕೈಯೆತ್ತಿ ಇಳಿಸಿದ.

ಮೊದಲ ಗುಂಡು ಹೊಕ್ಕಾಗ ದಿಮ್ಮಿ ಮೇಜಿನಿಂದ ಒಂದಂಗುಲ ಎದ್ದು, ಹೊಟ್ಟೆ ತುಂಬ ನಕ್ಕವರ ಹಾಗೆ ಕುಲುಕಾಡಿ ಮತ್ತೆ ಕೂತಿತು. ಒಳಗೆ ಹದಿನಾಲ್ಕು ಅಂಗುಲದ ಹತ್ತಿರ ಒಂದು ತಾಮ್ರದ ಹೂವು ಅರಳಿ ನಿಂತಿತ್ತು. ಜನ ತಲೆದೂಗಿದರು. ಎರಡನೆಯದೂ ಅರಳಿತು. ಮೂರನೆಯದು ಅರಳಲಿಲ್ಲ. ಬಟ್ಟೆ ಕಚ್ಚಿಕೊಂಡು ಹಿಂಭಾಗದಿಂದ ಹೊರಟು ದಿಬ್ಬ ಸೇರಿತು. ರಾಯ್ಸ್ ಒಂದು ಬೆರಳು ಎತ್ತಿದ. ನಾಲ್ಕನೆಯದು ಹದಿಮೂರು ಅಂಗುಲ, ಐದನೆಯದು ಹದಿನೈದು, ಎರಡೂ ಅರಳಿದವು. ಗಾಳಿಯಲ್ಲಿ ಮದ್ದಿನ ಹೊಗೆಯೊಂದಿಗೆ ದಾಲ್ಚಿನ್ನಿಯ ಪರಿಮಳ ಬೆರೆತು ಇಡೀ ಮೈದಾನ ಹಬ್ಬದ ಮನೆಯ ಹಾಗಾಗಿತ್ತು.

ವೆಂಡಲ್ ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟು, ಕಿವಿಯ ಮುಚ್ಚಳ ತೆಗೆದು, ಜನರ ಕಡೆ ತಿರುಗಿದ. ಜನರ ಹಿಂದೆ ಚರ್ಚಿನ ವ್ಯಾನು ನಿಂತಿತ್ತು. ಅದರ ಮುಂದೆ ವರ್ನಾ ನಿಂತಿದ್ದಳು. ಅವಳ ಕೈಯಲ್ಲಿ ಕಾಗದದ ಬಟ್ಟಲುಗಳ ಕಟ್ಟು, ಚಮಚಗಳು. ಪಕ್ಕದಲ್ಲಿ ಇಮೋಜೀನ್ ಕಡೆದ ಕೆನೆಯ ದೊಡ್ಡ ಡಬ್ಬ ಹಿಡಿದಿದ್ದರು.

"ಅಮ್ಮನ ಜೆಲ್ಲಿಗೆ," ಎಂದಳು ವರ್ನಾ, "ಗುಂಡು ಹೊಡೆದ್ಯಾ ನೀನು?"

"ಯಾವ ಅಮ್ಮನ ಜೆಲ್ಲಿ?"

ವರ್ನಾ ಕೂಗಾಡಲಿಲ್ಲ. ಕೂಗಾಡಿದ್ದರೆ ವೆಂಡಲನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಬಟ್ಟಲುಗಳನ್ನು ಹತ್ತಿರದ ಬೆಂಚಿನ ಮೇಲಿಟ್ಟು, ಚಮಚಗಳನ್ನು ಅದರ ಮೇಲೆ ಅಚ್ಚುಕಟ್ಟಾಗಿ ಜೋಡಿಸಿ, ಹೋಗಿ ವ್ಯಾನಿನಲ್ಲಿ ಕೂತಳು.

ಇಮೋಜೀನ್ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳಿದರು. ಒಂದೊಂದು ಮಾತಿಗೂ ವೆಂಡಲ್ ಒಂದೊಂದು ಅಂಗುಲ ಕುಗ್ಗಿದ. ಅಪ್ಪಿಕೊಂಡದ್ದು, ಇಸ್ತ್ರಿ ಮಾಡಿದ್ದು, ಮೂಗು ಸೀನಿದ್ದು, ಎಲ್ಲದರ ಅರ್ಥವೂ ಒಟ್ಟಿಗೆ ಅವನ ತಲೆಗೆ ಇಳಿಯಿತು. ಮೊದಲು ರಾಯ್ಸ್ ನಗಲು ಬಾಯಿ ತೆರೆದ. ಆಮೇಲೆ ಗಾಳಿಯನ್ನು ಒಮ್ಮೆ ಮೂಸಿ ಬಾಯಿ ಮುಚ್ಚಿಕೊಂಡ. ತೀರಿಕೊಂಡದ್ದು ಅವನ ತಾಯಿಯೂ ಹೌದಲ್ಲ.

ವೆಂಡಲ್ ಜನರ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡ.

"ಐದರಲ್ಲಿ ನಾಲ್ಕು ಅರಳಿದೆ, ಒಂದು ಕಟ್ಕೊಂಡಿದೆ," ಎಂದ. "ಬೆಲೆಗೆ ಪರವಾಗಿಲ್ಲ. ಆದ್ರೆ ಬಟ್ಟೆ ವಿಷಯದಲ್ಲಿ ರಾಯ್ಸ್ ಹೇಳಿದ್ದು ಒಂದು ಸಲ ನಿಜ ಆಯ್ತು. ಇನ್ನೊಂದು, ನಾನು ಮೊದಲೇ ಪರೀಕ್ಷೆ ಮಾಡಿದೀನಿ ಅಂದಿದ್ನಲ್ಲ, ಅದು ಸುಳ್ಳು. ಇದೇ ಮೊದಲನೇದು. ಈಗ ನಾನು ಹೋಗಿ ನನ್ನ ಹೆಂಡ್ತಿ ಹತ್ರ ಮಾತಾಡ್ಬೇಕು."

ಯಾರೂ ನಗಲಿಲ್ಲ. ಆರ್ಲೋ ಟೋಪಿ ತೆಗೆದು ದಾರಿ ಬಿಟ್ಟ.

ವ್ಯಾನಿನ ಕಿಟಕಿಯ ಗಾಜು ಅರ್ಧ ಇಳಿದಿತ್ತು. ವರ್ನಾ ನೇರವಾಗಿ ಮುಂದೆ ನೋಡುತ್ತಿದ್ದಳು.

"ಎಲ್ರಿಗೂ ಹೇಳ್ಬಿಟ್ಟೆ ನಾನು," ಎಂದಳು. "ದೂರದ ಊರಲ್ಲಿರೋ ಚಿಕ್ಕಮ್ಮಂಗೆ ಫೋನ್ ಮಾಡಿ ಹೇಳ್ದೆ. ಆರು ಗಂಟೆ ದಾರಿ, ಅದಕ್ಕೇ ಹೊರಟು ಬರ್ತಿದಾಳೆ."

"ನಾನು ಕತ್ತೆ ಕಣೆ."

"ಗೊತ್ತು."

"ಇನ್ನೊಂದು ದಿಮ್ಮಿ ಇದೆ. ಅದಕ್ಕೆ ಏನೂ ಹೊಡೆದಿಲ್ಲ, ಛರ್ರೆನೂ ಇಲ್ಲ."

"ಅದು ಸಪ್ಪೆ. ಸಕ್ಕರೆ ಇಲ್ಲ, ಸೇಬು ಇಲ್ಲ."

"ಕರಗಿಸ್ತೀನಿ. ಈ ವಾರದಲ್ಲಿ ಎರಡು ಸಲ ಕರಗಿಸಿದೀನಿ. ನೀನು ಏನೇನು ಹಾಕ್ಬೇಕು ಅಂತ ಹೇಳಿದ್ರೆ ಸಾಕು."

ವರ್ನಾ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. "ನನಗೆ ಸರಿಯಾಗಿ ಗೊತ್ತಿಲ್ಲ," ಎಂದಳು. "ನಾನು ಯಾವಾಗ್ಲೂ ಸೇಬು ಹೆಚ್ಚೋಳು. ಒಲೆ ಹತ್ರ ಅಮ್ಮ ನಿಲ್ಲಿಸ್ಕೊಳ್ತಾ ಇದ್ದಿದ್ದು ರಾಯ್ಸ್‌ನ."

ಇಪ್ಪತ್ತಾರು ವರ್ಷ ಕಾನೂನು ಕಾಪಾಡಿದ ರಾಯ್ಸ್ ಟ್ಯಾಕೆಟ್ ತಾನು ಜೆಲ್ಲಿ ಕಲಕುತ್ತಿದ್ದವನೆಂದು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ವ್ಯಾನಿನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡವನು, ಮೂರು ಸಲ ಕೆಮ್ಮಿ, "ಒಂದೂವರೆ ಬಟ್ಟಲು ಪೆಪ್ಪರಮೆಂಟು. ಮೊದಲು ಅದನ್ನ ಬಿಸಿ ನೀರಲ್ಲಿ ಕರಗಿಸ್ಕೋಬೇಕು. ಅಕ್ರೋಟು ಕೊನೆಗೆ," ಎಂದ.

ಹನ್ನೊಂದೂವರೆಗೆ ಚರ್ಚಿನ ಅಡುಗೆಮನೆಯಲ್ಲಿ ಮೂವರೂ ನಿಂತಿದ್ದರು. ಇಮೋಜೀನ್ ರಾಯ್ಸನಿಗೆ ನೀಲಿ ಹೂವಿನ ಅಂಚಿನ ಏಪ್ರನ್ ಕಟ್ಟಿದರು. ಅವನು ಅದನ್ನು ಕಟ್ಟಿಸಿಕೊಂಡು, ಹೊಸ ಪೊಲೀಸರನ್ನು ಸಾಲಿನಲ್ಲಿ ನಿಲ್ಲಿಸಿದ ದನಿಯಲ್ಲಿ ಆಜ್ಞೆ ಕೊಡತೊಡಗಿದ.

"ಸೌಟು ಮೇಲೆತ್ತಬೇಡ. ನೊರೆ ಬರ್ತದೆ."

"ನನಗೆ ನೊರೆ ವಿಷಯ ಹೇಳಬೇಡ," ಎಂದ ವೆಂಡಲ್. "ನೊರೆ ಬಗ್ಗೆ ಈ ಜಿಲ್ಲೆಯಲ್ಲಿ ನನಗಿಂತ ಗೊತ್ತಿರೋನು ಇಲ್ಲ."

"ಉರಿ ಕಡಿಮೆ."

"ಕಡಿಮೆನೇ ಇದೆ."

"ಇನ್ನೂ ಕಡಿಮೆ. ಅಮ್ಮ ಇಷ್ಟು ಉರಿ ಇಡ್ತಿರ್ಲಿಲ್ಲ."

ವರ್ನಾ ಮೇಜಿನ ಬಳಿ ಕೂತು ಸೇಬು ಹೆಚ್ಚುತ್ತಿದ್ದಳು. ಇಬ್ಬರು ದೊಡ್ಡ ಗಂಡಸರು ಒಂದು ಪಾತ್ರೆಯ ಮೇಲೆ ತಲೆಗೆ ತಲೆ ತಾಗಿಸಿ ಜಗಳವಾಡುವುದನ್ನು ಅವಳು ಎರಡು ಸೇಬು ಮುಗಿಯುವ ತನಕ ಗಂಭೀರವಾಗಿ ನೋಡಿದಳು. ಮೂರನೆಯ ಸೇಬಿಗೆ ಅವಳ ಭುಜ ಅಲ್ಲಾಡಿತು. ಅಳುತ್ತಿದ್ದಾಳೆಂದು ವೆಂಡಲ್ ಗಾಬರಿಯಾಗಿ ತಿರುಗಿ ನೋಡಿದ. ಅವಳು ನಗುತ್ತಿದ್ದಳು, ಚಾಕು ಕೆಳಗಿಡಬೇಕಾಗಿ ಬರುವಷ್ಟು.

"ಬಟ್ಟಲು ಹಿಡ್ಕೊಂಡು ನಿಂತಿದ್ನಲ್ಲ ನಾನು," ಎಂದಳು. "ಗುಂಡು ಹೊಡೆದ ಮೇಲೆ ಬಡಿಸೋಕೆ."

ಸಂಜೆಯ ಊಟಕ್ಕೆ ಜೆಲ್ಲಿ ಕೆಂಪಗೆ, ಹೊಳೆಯುತ್ತಾ, ಮೇಜಿನ ನಡುವೆ ಬಂದು ಕೂತಿತು. ಒಂದು ದೋಷವಿತ್ತು. ಗುಂಡು ನಿಲ್ಲಿಸಲೆಂದು ಮಾಡಿದ ಜೆಲಾಟಿನ್ ಅದು. ಎಷ್ಟು ನೀರು ಬೆರೆಸಿದರೂ ತನ್ನ ಮೂಲ ಉದ್ದೇಶವನ್ನು ಪೂರ್ತಿ ಮರೆತಿರಲಿಲ್ಲ. ಚಮಚ ಒಳಗೆ ಇಳಿಯಲಿಲ್ಲ. ಇಮೋಜೀನ್ ಬ್ರೆಡ್ಡಿನ ಚಾಕು ತರಿಸಿ ಹೋಳು ಮಾಡಿದರು. ಪಾದ್ರಿಗಳ ತಟ್ಟೆಯಿಂದ ಒಂದು ಹೋಳು ಪುಟಿದು ಮಿಸ್ ಬಿಕ್ಸ್‌ಬಿಯ ತಟ್ಟೆಗೆ ಹೋಯಿತು. ಅವಳು ಅದನ್ನು ಬೆರಳಲ್ಲಿ ಒತ್ತಿ ನೋಡಿ, ತಲೆಯಾಡಿಸಿ, ತಿಂದಳು.

ಆರು ಗಂಟೆ ದಾರಿ ಬಂದ ಚಿಕ್ಕಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಮೇಜಿನ ಸುತ್ತ ಎಲ್ಲರೂ ಕಾದರು. ಆಕೆ ಅಗಿದಳು. ಇನ್ನೂ ಅಗಿದಳು.

"ರುಚಿ ಅಕ್ಕಂದೇ," ಎಂದಳು ಕೊನೆಗೆ. "ಹಲ್ಲಿಗೆ ಮಾತ್ರ ಕೆಲಸ ಜಾಸ್ತಿ."

ರಾಯ್ಸ್ ಎದ್ದು ಕಿಟಕಿಯ ಹೊರಗೆ ಏನೋ ನೋಡಲು ಹೋದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಖಾಲಿ ಗಾಡಿಗಳು ನಿಂತಿದ್ದವು. ಅವನು ಅವುಗಳನ್ನೇ ಬಹಳ ಹೊತ್ತು ನೋಡಿದ. ವರ್ನಾ ತನ್ನ ಹೋಳು ಮುಗಿಸಿ, ವೆಂಡಲನ ಮುಂದೆ ತಟ್ಟೆ ಒಡ್ಡಿದಳು. ಅವನು ಚಾಕು ಒತ್ತಿ ಹಿಡಿದು ಅವಳಿಗೆ ಇನ್ನೊಂದು ದೊಡ್ಡ ಹೋಳು ಕತ್ತರಿಸಿ ಹಾಕಿದ.

ಸೋಮವಾರ ವೆಂಡಲ್ ಎಂದಿನಂತೆ ಮೀಟರು ಓದಲು ಹೊರಟ. ಇಷ್ಟು ವರ್ಷ ಅವನು ಬಂದಾಗ ಜನ ಕಿಟಕಿಯ ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಳ್ಳುತ್ತಿದ್ದರು. ಅವತ್ತು ಮಾತ್ರ ಒಂದೊಂದು ಬೇಲಿಯ ಬಳಿಯೂ ಯಾರಾದರೊಬ್ಬರು ನಿಂತಿದ್ದರು. ಗಂಡಸರು ಅಂಗಡಿಯಲ್ಲಿ ಗುರುತು ಹಿಡಿಯಲು ಆ ಗುಂಡಿನ ಡಬ್ಬಿಯ ಬಣ್ಣ ಕೇಳಿದರು. ಹೆಂಗಸರು ಗುಳ್ಳೆ ಬಾರದಂತೆ ಜೆಲ್ಲಿ ಮಾಡುವುದು ಹೇಗೆಂದು ಕೇಳಿದರು. ಇಬ್ಬರಿಗೂ ಅವನು ಸಮಾನ ಗಾಂಭೀರ್ಯದಿಂದ ಉತ್ತರ ಕೊಟ್ಟ. ಮಧ್ಯಾಹ್ನಕ್ಕೆ ಮುಗಿಯಬೇಕಾದ ಬೀದಿ ಸಂಜೆ ಐದಕ್ಕೆ ಮುಗಿಯಿತು.

ಮನೆಗೆ ಬಂದು ಬೂಟು ಬಿಚ್ಚುತ್ತಾ, "ವರ್ನಾ, ಸಿಕಮೋರ್ ಬೀದಿ ಕೊನೇ ಮನೆಯಮ್ಮ ಒಂದು ಕೇಳಿದ್ರು," ಎಂದ. "ಅನಾನಸ್ ಹಾಕಿದ್ರೆ ಜೆಲ್ಲಿ ಗಟ್ಟಿಯಾಗ್ತದಾ ಅಂತ. ಗೊತ್ತಿಲ್ಲ, ನನ್ನ ಹೆಂಡ್ತಿನ ಕೇಳಿ ಬಂದು ಹೇಳ್ತೀನಿ ಅಂದೆ."

ವರ್ನಾ ಒಲೆಯ ಮೇಲಿನ ಸಾರಿನ ಉರಿ ತಗ್ಗಿಸಿ ಅವನ ಎದುರಿಗೆ ಬಂದು ಕೂತಳು.

"ಹಸೀದು ಹಾಕಿದ್ರೆ ಜನ್ಮದಲ್ಲಿ ಗಟ್ಟಿಯಾಗಲ್ಲ," ಎಂದಳು. "ಡಬ್ಬಿದು ಹಾಕ್ಬೇಕು. ಬಾ, ತೋರಿಸ್ತೀನಿ. ಕೈ ತೊಳ್ಕೊಂಡು ಬಾ."